ಸಾಕ್ಷ್ಯ ನುಡಿಯುವ ಹೊಣೆ

(ಭದ್ರಾವತಿಯಲ್ಲಿ ನೀಡಿದ ಭಾಷಣದ ಪಠ್ಯರೂಪ)



ಸಾಕ್ಷ್ಯವನ್ನು ಬಚ್ಚಿಡಬಾರದೆಂದು ಪವಿತ್ರ ಕುರ್‌ಆನ್ (2:283) ಆದೇಶಿಸುತ್ತದೆ. ಈ ಆದೇಶವನ್ನು ನಾವು ನ್ಯಾಯಾಲಯದ ಕಟಕಟೆಗಷ್ಟೇ ಸೀಮಿತಗೊಳಿಸಿದ್ದೇವೆ. ಕಾನೂನು ರೂಪುಗೊಳ್ಳುವಾಗ ಅದರ ಫಲ ಉಣ್ಣಬೇಕಾದವನು ಬಾಯಿ ತೆರೆಯದಿರುವುದೂ ಸಾಕ್ಷ್ಯವನ್ನು ಬಚ್ಚಿಟ್ಟಂತೆಯೇ ಅಲ್ಲವೇ?

2024ರ ಜೂನ್ 29ರಂದು ರಾಜ್ಯ ಸರಕಾರವು ಗಿಗ್ ಕಾರ್ಮಿಕರ ಮಸೂದೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪ, ಸಲಹೆಗಳನ್ನು ಆಹ್ವಾನಿಸಿತು. ಕಾಲಾವಕಾಶ ಹತ್ತೇ ದಿನ. ಶಿವಮೊಗ್ಗ, ಭದ್ರಾವತಿಗಳ ಬೀದಿಗಳಲ್ಲಿ ಬೈಕಿನ ಮೇಲೆ ಊಟದ ಪೊಟ್ಟಣ ಹೊತ್ತೊಯ್ಯುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಇದು ತಿಳಿದಿತ್ತು? ಕಾರ್ಮಿಕನನ್ನು ಕೈಬಿಡುವ ಮುನ್ನ ಲಿಖಿತ ಕಾರಣ ಹಾಗೂ 14 ದಿನಗಳ ನೋಟೀಸು ನೀಡಬೇಕೆಂದು ಕರಡಿನಲ್ಲಿತ್ತು. ಒಳ್ಳೆಯ ಮಾತೇ. ಆದರೆ ಐಡಿಯನ್ನು ಬರೇ ಎರಡು ದಿನ ತಡೆಹಿಡಿದರೆ ಆ ಮನೆಯ ಒಲೆಯ ಗತಿ ಏನೆಂಬುದನ್ನು ವಿಧಾನಸೌಧದ ಅಧಿಕಾರಿಗೆ ಯಾರು ತಿಳಿಸಬೇಕು? 2025ರಲ್ಲಿ ಅದು ಕಾನೂನಾಯಿತು.

"ಕೇಂದ್ರದ ವಕ್ಫ್ ಮಸೂದೆಗೂ ಬರೆದೆವಲ್ಲ, ಏನಾಯಿತು?" ಎಂದು ನೀವು ಕೇಳುವಿರಿ. ನಿಜ. ಜಂಟಿ ಸಂಸದೀಯ ಸಮಿತಿಗೆ 97 ಲಕ್ಷಕ್ಕೂ ಹೆಚ್ಚು ಮನವಿಗಳು ಬಂದವು. ಆದರೂ 2025ರ ಏಪ್ರಿಲ್‌ನಲ್ಲಿ ಮಸೂದೆ ಕಾನೂನಾಯಿತು. ಆ ನೋವು ಸಣ್ಣದಲ್ಲ. ಆದರೆ ನಮ್ಮ ನಡುವೆ ಮೊಬೈಲಿಗೆ ಬಂದ ಒಂದೇ ಒಕ್ಕಣೆಯನ್ನು ಮುಂದಕ್ಕೆ ಕಳುಹಿಸಿದವರೆಷ್ಟು, ತಮ್ಮ ಮೊಹಲ್ಲಾದ ಖಬರಸ್ಥಾನದ ದಾಖಲೆಯನ್ನು ಲಗತ್ತಿಸಿ ಸ್ವಂತ ಮಾತಿನಲ್ಲಿ ಬರೆದವರೆಷ್ಟು? ನಾನೂ ಮೊದಲ ಗುಂಪಿನವನೇ.

ಆದುದರಿಂದ ಪ್ರತಿ ಜಮಾಅತ್ ಇಬ್ಬರು ವಿದ್ಯಾವಂತ ಯುವಕ-ಯುವತಿಯರನ್ನು ಈ ಕೆಲಸಕ್ಕೆ ನೇಮಿಸಲಿ. ಕರಡು ಪ್ರಕಟವಾದೊಡನೆ ಜುಮಾ ನಮಾಝಿನ ಬಳಿಕ ಅದನ್ನು ಓದಿ ವಿವರಿಸಲಿ. ಬರೆಯಲು ಬಾರದವರ ಅನುಭವವನ್ನು ಅವರದೇ ಮಾತಿನಲ್ಲಿ, ದಿನಾಂಕ ಸಹಿತ ಬರೆದುಕೊಡಲಿ. ಸದನ ಸಮಿತಿಯು ಸಾಕ್ಷ್ಯ ಆಲಿಸುವುದಾದರೆ ಅವರೊಂದಿಗೆ ಬೆಂಗಳೂರಿಗೂ ಹೋಗಲಿ. ರೈಲಿನ ಖರ್ಚನ್ನು ಬೈತುಲ್‌ಮಾಲ್ ಭರಿಸಲಿ.