ಉಗಿ ಇಂಜಿನ್: ಉಳಿಯಬೇಕಾದ್ದು ಕಬ್ಬಿಣ ಮಾತ್ರವೆ?



ದೊಡ್ಡಮಳೂರಿನ ಪಕ್ಕದ ಚನ್ನಪಟ್ಟಣದಲ್ಲಿ ಮಗುವಿಗೆಂದು ಮರದ ರೈಲು ಕೊಂಡರೆ ಅದಕ್ಕೊಂದು ಹೊಗೆಕೊಳವೆ ಇರುತ್ತದೆ. ಈ ಮಾರ್ಗದಲ್ಲಿ ಹೊಗೆ ಕಂಡು ದಶಕಗಳೇ ಕಳೆದಿವೆ. ಆದರೂ ಬೊಂಬೆ ಅದನ್ನು ಮರೆತಿಲ್ಲ.

ಈ ಹಳಿ ಬಂದದ್ದು ಬರಗಾಲದ ಬೆನ್ನಿಗೆ. 1876–78ರ ಕ್ಷಾಮದಲ್ಲಿ ಮದರಾಸಿನಿಂದ ಬೆಂಗಳೂರಿನವರೆಗೆ ರೈಲಿತ್ತು. ಅಲ್ಲಿಂದಾಚೆಗೆ ದವಸ ಎತ್ತಿನ ಗಾಡಿಯಲ್ಲೇ ಸಾಗಬೇಕಿತ್ತು. ಸಂಸ್ಥಾನ ಪಾಠ ಕಲಿಯಿತು. 1882ರಲ್ಲಿ ಮೀಟರ್ ಗೇಜ್ ರೈಲು ಮೈಸೂರು ಮುಟ್ಟಿತು. 1990ರ ದಶಕದಲ್ಲಿ ಮಾರ್ಗ ಬ್ರಾಡ್ ಗೇಜ್ ಆಯಿತು. ಆಮೇಲೆ ಜೋಡಿ ಹಳಿ ಬಂತು, ವಿದ್ಯುತ್ ಬಂತು.

ಹಳೆಯ ಇಂಜಿನ್ನುಗಳನ್ನು ನೋಡಬೇಕಾದರೆ ಇಂದು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. 1979ರಲ್ಲಿ ಆರಂಭವಾದ ಅಲ್ಲಿ ಮಹಾರಾಣಿಯವರ 1899ರ ಬೋಗಿಯೂ ಇದೆ. ಬಣ್ಣ ಬಳಿದು ನಿಲ್ಲಿಸಿದ ಇಂಜಿನ್ನನ್ನು ಮಕ್ಕಳು ಹತ್ತಿ ಇಳಿಯುತ್ತಾರೆ. ಆದರೆ ಅದು ಉಸಿರಾಡುವುದಿಲ್ಲ.

ಉಸಿರು ಎಂದದ್ದು ಬರಿಯ ಮಾತಲ್ಲ. ಕಲ್ಲಿದ್ದಲಿನ ಬೆಂಕಿ ನೀರನ್ನು ಉಗಿ ಮಾಡುತ್ತದೆ. ಉಗಿ ಪಿಸ್ಟನ್ ತಳ್ಳುತ್ತದೆ, ಪಿಸ್ಟನ್ ಗಾಲಿ ತಿರುಗಿಸುತ್ತದೆ. ಕೆಲಸ ಮುಗಿಸಿದ ಉಗಿ ಕೊಳವೆಯಿಂದ ಹೊರನುಗ್ಗುವಾಗ ಬೆಂಕಿಯತ್ತ ಹೊಸ ಗಾಳಿಯನ್ನು ಸೆಳೆಯುತ್ತದೆ. 'ಛುಕ್ ಛುಕ್' ಎಂದರೆ ಅದೇ. ಓಟ ಜೋರಾದಷ್ಟೂ ಬೆಂಕಿಯೂ ಜೋರು.

ಇದನ್ನು ಹದದಲ್ಲಿಡುವವನು ಫೈರ್‌ಮನ್. ಕಪ್ಪು ಹೊಗೆ ಬಂದರೆ ಕಲ್ಲಿದ್ದಲು ದಂಡವಾಗುತ್ತಿದೆ ಎಂದು ಅವನಿಗೆ ಗೊತ್ತು. ಬೆಂಕಿಗೂಡಿನ ನೆತ್ತಿಯ ಮೇಲೆ ನೀರು ತಗ್ಗಿದರೆ ಬಾಯ್ಲರ್ ಸಿಡಿದೀತೆಂಬುದೂ ಗೊತ್ತು. ಇದು ಕೈಯಿಂದ ಕೈಗೆ ಬಂದ ವಿದ್ಯೆ.

ಈ ವಿದ್ಯೆ ಇದ್ದರೆ ನಿಂತ ಇಂಜಿನ್ನೂ ಓಡೀತು. 1855ರಲ್ಲಿ ತಯಾರಾಗಿ 1909ರಲ್ಲಿ ನಿವೃತ್ತಿಯಾದ 'ಫೇರಿ ಕ್ವೀನ್' 1997ರಲ್ಲಿ ದೆಹಲಿಯಿಂದ ಅಲ್ವಾರಿಗೆ ಪ್ರವಾಸಿಗರನ್ನು ಎಳೆಯಿತು. ನಮ್ಮ ನೆರೆಯ ನೀಲಗಿರಿ ಮಾರ್ಗ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿನ ಹಳೆಯ ಇಂಜಿನ್ನುಗಳ ಮಾದರಿಯಲ್ಲೇ ತಿರುಚ್ಚಿಯ ಕಾರ್ಯಾಗಾರ ಹೊಸವನ್ನು ಕಟ್ಟಿಕೊಟ್ಟಿತು.

ಕಬ್ಬಿಣಕ್ಕೆ ತುಕ್ಕು ಹಿಡಿದರೆ ಉಜ್ಜಿ ತೆಗೆಯಬಹುದು. ಆದರೆ ಸಲಿಕೆ ಹಿಡಿದ ಕೈಗಳಿಗೆ ವಯಸ್ಸಾಗಿದೆ. ನಿಮ್ಮ ಬೀದಿಯಲ್ಲಿ ರೈಲ್ವೆಯಿಂದ ನಿವೃತ್ತರಾದ ಅಜ್ಜನೊಬ್ಬನಿದ್ದರೆ, ಬೆಂಕಿ ಹೊತ್ತಿಸುತ್ತಿದ್ದ ಬಗೆ ಹೇಗೆಂದು ಕೇಳಿ ಬರೆದಿಡಿ. ವಸ್ತುಸಂಗ್ರಹಾಲಯ ಇಂಜಿನ್ನನ್ನು ಕಾಯುತ್ತದೆ. ಆ ಮಾತನ್ನು ಕಾಯಬೇಕಾದವರು ಊರಿನವರೇ.