ಲಿಫ್ಟ್ ಹಾಕಿದ ಮೇಲೆ ಸ್ಟೀರಿಂಗ್ ಯಾಕೆ ಮಾತು ಕೇಳಲ್ಲ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೋದ ಸಂಚಿಕೆ ಆದ್ಮೇಲೆ ತುಂಬಾ ಜನ ಮೆಸೇಜ್ ಮಾಡಿದ್ರಿ, "ನಿನ್ನ ಜಿಪ್ಸಿ ಕಥೆ ಏನಾಯ್ತು ಗುರು" ಅಂತ. ಇವತ್ತು ಅದನ್ನೇ ಹೇಳ್ತೀನಿ. ಮೊದಲೇ ಒಂದು ಮಾತು: ನಾನು ಮೆಕ್ಯಾನಿಕ್ ಅಲ್ಲ, ಓದಿದ್ದು ಬಿ.ಕಾಂ. ಇಲ್ಲಿ ಹೇಳೋದೆಲ್ಲಾ ದುಡ್ಡು ಕಳ್ಕೊಂಡು, ಮನೆಯವರನ್ನ ಹೆದರಿಸಿ ಕಲಿತದ್ದು.

ನನ್ನ ಹತ್ತಿರ ಇರೋದು 2005ರ ಮಾರುತಿ ಜಿಪ್ಸಿ ಕಿಂಗ್. ಸೆಕೆಂಡ್ ಹ್ಯಾಂಡ್. ಸಕಲೇಶಪುರದ ಕಡೆ ನಮ್ಮ ತೋಟಕ್ಕೆ ಹೋಗೋ ದಾರಿ ಮಳೆಗಾಲದಲ್ಲಿ ದಾರಿ ಅಲ್ಲ, ಹಳ್ಳ. ಕಲ್ಲಿಗೆ ಗಾಡಿಯ ತಳ ಉಜ್ಜಿ ಉಜ್ಜಿ ಸಾಕಾಗಿ, ಒಂದಿನ ಉದ್ದದ ಶ್ಯಾಕಲ್ ಹಾಕಿಸಿದೆ. ಶ್ಯಾಕಲ್ ಅಂದ್ರೆ ಲೀಫ್ ಸ್ಪ್ರಿಂಗಿನ ಒಂದು ತುದಿಯನ್ನ ಚಾಸಿಗೆ ಜೋಡಿಸೋ ಎರಡು ಸಣ್ಣ ಪಟ್ಟಿ. ಅದನ್ನ ಉದ್ದ ಮಾಡಿದ್ರೆ ಗಾಡಿ ಎತ್ತರ ಆಗುತ್ತೆ. ಲಿಫ್ಟ್ ಮಾಡೋಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಫೋಟೋ ತೆಗೆದೆ, ಸ್ಟೇಟಸ್ ಹಾಕಿದೆ, ಲೈಕ್ ಬಂತು.

ಮುಂದಿನ ವಾರ ಅಪ್ಪ ಅಮ್ಮನ್ನ ಕೂರಿಸ್ಕೊಂಡು ಬೆಂಗಳೂರಿಂದ ಊರಿಗೆ ಹೊರಟೆ. ನೆಲಮಂಗಲ ದಾಟಿ ಕುಣಿಗಲ್ ತನಕ ಏನೋ ಸರಿ ಇಲ್ಲ ಅನ್ನಿಸ್ತಿತ್ತು, ಆದ್ರೆ ಬಾಯಿ ಬಿಡ್ಲಿಲ್ಲ. ಚನ್ನರಾಯಪಟ್ಟಣ ಆದ್ಮೇಲೆ ಎಂಬತ್ತರ ಸ್ಪೀಡಲ್ಲಿ ಒಂದು ಲಾರಿ ಓವರ್‌ಟೇಕ್ ಮಾಡೋಕೆ ಸ್ಟೀರಿಂಗ್ ಸುಮ್ನೆ ಮುಟ್ಟಿದೆ ಅಷ್ಟೆ, ಗಾಡಿ ಅರ್ಧ ಲೇನ್ ಹಾರಿತು. ವಾಪಸ್ ತಿರುಗಿಸಿದ್ರೆ ಆ ಕಡೆ ಹಾರಿತು. ಲಾರಿಯವನು ಹಾರ್ನ್ ಒತ್ತಿದವನು ಬಿಡ್ಲೇ ಇಲ್ಲ. ಹಿಂದೆ ಅಮ್ಮ "ಮಂಜುನಾಥಾ" ಅಂದದ್ದು ಮಾತ್ರ ಕೇಳಿಸ್ತು.

ಹಾಸನದಲ್ಲಿ ಟೀಗೆ ನಿಲ್ಲಿಸಿದಾಗ ಅಪ್ಪ ಮೆತ್ತಗೆ ಹೇಳಿದ್ರು: "ಗಾಡಿ ನಿಂದು, ನಿನ್ನಿಷ್ಟ ಮಗಾ. ಆದ್ರೆ ಇದು ಸರಿ ಹೋಗೋ ತನಕ ನಿಮ್ಮಮ್ಮನ್ನ ಇದ್ರಲ್ಲಿ ಕೂರಿಸ್ಬೇಡ." ಬೈದಿದ್ರೆ ಚೆನ್ನಾಗಿರ್ತಿತ್ತು. ಅವರಿಬ್ಬರೂ ಅಲ್ಲಿಂದ ಬಸ್ ಹತ್ತಿದ್ರು. ನಾನು ನಲವತ್ತರಲ್ಲಿ ಒಬ್ಬನೇ ಊರಿಗೆ ಹೋದೆ.

ಈಗ ವಿಷಯಕ್ಕೆ ಬರೋಣ. ಯಾಕೆ ಹೀಗಾಗುತ್ತೆ?

ಸೈಕಲ್ ನೆನಪಿಸ್ಕೊಳ್ಳಿ. ಮುಂದಿನ ಫೋರ್ಕ್ ನೆಟ್ಟಗೆ ಇರಲ್ಲ, ಅದರ ಮೇಲ್ಭಾಗ ಸವಾರನ ಕಡೆಗೆ ವಾಲಿರುತ್ತೆ. ಕೈ ಬಿಟ್ಟು ಸೈಕಲ್ ಹೊಡೆಯೋಕೆ ಈ ಓರೆಯದ್ದೂ ಒಂದು ಪಾಲಿದೆ. ಕಾರಿನಲ್ಲೂ ಮುಂದಿನ ಚಕ್ರ ತಿರುಗೋ ಅಚ್ಚು ಹೀಗೇ ಕೆಲವು ಡಿಗ್ರಿ ಹಿಂದಕ್ಕೆ ವಾಲಿರುತ್ತೆ. ಇದಕ್ಕೆ ಕ್ಯಾಸ್ಟರ್ ಅಂತಾರೆ. ಆ ಅಚ್ಚಿನ ಗೆರೆಯನ್ನ ಕೆಳಗೆ ಎಳೆದ್ರೆ ಅದು ಟೈರ್ ನೆಲ ಮುಟ್ಟೋ ಜಾಗಕ್ಕಿಂತ ಸ್ವಲ್ಪ ಮುಂದೆ ನೆಲಕ್ಕೆ ತಾಗುತ್ತೆ. ಅಂದ್ರೆ ಟೈರ್ ಹಿಂದೆ ಎಳೆಸ್ಕೊಂಡು ಬರುತ್ತೆ, ಹಗ್ಗ ಕಟ್ಟಿದ ಕರುವಿನ ಥರ. ಹಾಗಾಗಿ ತಾನಾಗೇ ನೇರ ಆಗುತ್ತೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನೇ ವಾಪಸ್ ಬರೋದು ಹೆಚ್ಚಾಗಿ ಇದರಿಂದ.

ಜಿಪ್ಸಿಯಲ್ಲಿ ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಇರೋದು ಮುಂದಿನ ತುದಿಯಲ್ಲಿ, ಬಂಪರ್ ಹತ್ತಿರ. ಹಿಂದಿನ ತುದಿ ಚಾಸಿಗೆ ಫಿಕ್ಸ್. ಉದ್ದದ ಶ್ಯಾಕಲ್ ಹಾಕಿದಾಗ ಸ್ಪ್ರಿಂಗಿನ ಮುಂದಿನ ತುದಿ ಕೆಳಗೆ ಇಳಿಯುತ್ತೆ, ಇಡೀ ಸ್ಪ್ರಿಂಗ್ ಮುಂದಕ್ಕೆ ಬಾಗುತ್ತೆ, ಅದರ ಮೇಲೆ ಕೂತ ಆಕ್ಸಲ್ಲೂ ಮುಂದಕ್ಕೆ ಬಾಗುತ್ತೆ. ಲೆಕ್ಕ ಹಾಕಿ: ಒಂದು ಮೀಟರ್ ಉದ್ದದ ಪಟ್ಟಿಯ ಒಂದು ತುದಿ 50 ಮಿ.ಮೀ. ಇಳಿದ್ರೆ ಹತ್ತಿರ ಹತ್ತಿರ 3 ಡಿಗ್ರಿ ಓರೆ. ಇರೋದೇ ಕೆಲವು ಡಿಗ್ರಿ ಕ್ಯಾಸ್ಟರ್, ಅದರಲ್ಲಿ 3 ಹೋದ್ರೆ ಉಳಿಯೋದೇನು? ಇನ್ನೊಂದು ತಮಾಷೆ ಕೇಳಿ. ಆಕ್ಸಲ್ ಇರೋದು ಸ್ಪ್ರಿಂಗಿನ ನಡುವಲ್ಲಿ, ಹಾಗಾಗಿ 50 ಮಿ.ಮೀ. ಉದ್ದದ ಶ್ಯಾಕಲ್ ಹಾಕಿದ್ರೆ ಗಾಡಿ ಏರೋದು ಅದರ ಅರ್ಧ, ಒಂದೇ ಇಂಚು. ಒಂದು ಇಂಚು ಜಮಾ, ಮೂರು ಡಿಗ್ರಿ ಖರ್ಚು. ಬಿ.ಕಾಂ ಓದಿದವನಿಗೆ ಖರ್ಚಿನ ಕಾಲಂ ಕಾಣಿಸ್ಲಿಲ್ಲ ನೋಡಿ.

ಇನ್ನು ನಾನು ಮಾಡಿದ ತಪ್ಪು. ವಿಡಿಯೋ ನೋಡಿ ದೊಡ್ಡದೊಂದು ಸ್ಟೀರಿಂಗ್ ಡ್ಯಾಂಪರ್ ತರಿಸಿ ಹಾಕಿಸಿದೆ. ಎರಡು ದಿನ ಸರಿ ಹೋಯ್ತು ಅನ್ನಿಸ್ತು. ಆಮೇಲೆ ಅದೇ ರಾಗ. ಡ್ಯಾಂಪರ್ ಅದುರನ್ನ ಸ್ವಲ್ಪ ಮರೆಮಾಡುತ್ತೆ, ಕಾರಣವನ್ನ ತೆಗೆಯಲ್ಲ. ಜ್ವರ ಬಂದಾಗ ಥರ್ಮಾಮೀಟರ್ ಮುಚ್ಚಿಟ್ಟ ಹಾಗೆ.

ಕೊನೆಗೆ ಸಕಲೇಶಪುರದಲ್ಲಿ ಹಳೇ ಜೀಪು ರಿಪೇರಿ ಮಾಡೋ ಒಬ್ಬ ಭಾಯ್ ಹತ್ತಿರ ಹೋದೆ. ಕಥೆ ಎಲ್ಲಾ ಕೇಳಿ ಅವರು ಅಂದದ್ದು, "ಸಾಮಾನು ಆಮೇಲೆ ತಗೊಳ್ಳಿ ಸಾರ್, ಮೊದಲು ನೋಡೋಣ." ಅವರು ನೋಡಿದ ಕ್ರಮ ಇದು. ನೀವೂ ಇದೇ ಕ್ರಮದಲ್ಲಿ ನೋಡಿ, ಯಾಕಂದ್ರೆ ಇದು ಖರ್ಚಿಲ್ಲದ್ದರಿಂದ ಶುರುವಾಗುತ್ತೆ.

ಒಂದು, ಗಾಳಿ. ಕೆಸರಿಗೆ ಅಂತ ಗಾಳಿ ಇಳಿಸಿ, ಹೆದ್ದಾರಿಗೆ ಬಂದಾಗ ತುಂಬಿಸೋದು ಮರೆತಿರ್ತೀವಿ. ನಾಲ್ಕೂ ಟೈರ್ ಚೆಕ್ ಮಾಡಿ.

ಎರಡು, ಪ್ಲೇ. ಗಾಡಿ ನೆಲದ ಮೇಲೇ ನಿಂತಿರಲಿ. ಒಬ್ಬರು ಸ್ಟೀರಿಂಗ್ ಸ್ವಲ್ಪ ಸ್ವಲ್ಪ ಆ ಕಡೆ ಈ ಕಡೆ ಆಡಿಸಲಿ, ಇನ್ನೊಬ್ಬರು ಕೆಳಗೆ ಬಗ್ಗಿ ಟೈ ರಾಡ್, ಡ್ರ್ಯಾಗ್ ಲಿಂಕ್ ಜಾಯಿಂಟುಗಳನ್ನ ನೋಡಲಿ. ಆಮೇಲೆ ಜಾಕ್ ಹೊಡೆದು ಟೈರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಾಡಿದ್ರೆ ವೀಲ್ ಬೇರಿಂಗ್ ಅಥವಾ ಕಿಂಗ್ ಪಿನ್ ಬೇರಿಂಗ್. ನನ್ನದರಲ್ಲಿ ಡ್ರ್ಯಾಗ್ ಲಿಂಕಿನ ಒಂದು ಎಂಡ್ ಸಡಿಲ ಆಗಿತ್ತು, ಬದಲಾಯಿಸಿದ್ವಿ. ಗುಂಡಿಗೆ ಬಿದ್ದಾಗ ಇಡೀ ಸ್ಟೀರಿಂಗ್ ಗಡಗಡ ನಡುಗಿ, ಗಾಡಿ ನಿಲ್ಲಿಸೋ ತನಕ ಬಿಡದೇ ಇದ್ರೆ ಅದು ಬೇರೆ ಕಾಯಿಲೆ. ಆಗ ಈ ಪ್ಲೇ ಮತ್ತು ವೀಲ್ ಬ್ಯಾಲೆನ್ಸಿಂಗನ್ನ ಇನ್ನೂ ಗಟ್ಟಿಯಾಗಿ ಅನುಮಾನಿಸಿ, ಮತ್ತೆ ಓಡಿಸ್ಬೇಡಿ.

ಮೂರು, ಟೋ. ಮುಂದಿನ ಎರಡು ಟೈರ್ ಮೇಲಿಂದ ನೋಡಿದ್ರೆ ಮುಂದುಗಡೆ ಸ್ವಲ್ಪವೇ ಒಳಗೆ ವಾಲಿರ್ಬೇಕು, ಕೆಲವೇ ಮಿಲಿಮೀಟರ್. ಹೊರಗೆ ವಾಲಿದ್ರೆ ಗಾಡಿ ಅತ್ತಿತ್ತ ಹಾರುತ್ತೆ. ಅಳತೆ ಟೇಪಿನಲ್ಲೇ ಅಂದಾಜು ಸಿಗುತ್ತೆ. ಸರಿಯಾದ ಲೆಕ್ಕ ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿರುತ್ತೆ.

ನಾಲ್ಕು, ಸ್ಟೀರಿಂಗ್ ನಡುಮಧ್ಯ ಇದೆಯಾ? ಗಾಡಿ ಎತ್ತಿದಾಗ ಡ್ರ್ಯಾಗ್ ಲಿಂಕ್ ಓರೆ ಜಾಸ್ತಿ ಆಗಿ ಸ್ಟೀರಿಂಗ್ ವೀಲ್ ಒಂದು ಕಡೆ ತಿರುಗಿ ನಿಲ್ಲುತ್ತೆ. ಕೆಲವರು ವೀಲ್ ಬಿಚ್ಚಿ ನೇರ ಮಾಡಿ ಹಾಕ್ತಾರೆ. ಅದು ಕಣ್ಣಿಗೆ ಮಾತ್ರ. ಇಂಥ ಸ್ಟೀರಿಂಗ್ ಬಾಕ್ಸ್ ಬಿಗಿಯಾಗಿ ಹಿಡಿಯೋದು ಅದರ ನಡುಭಾಗದಲ್ಲಿ. ಅಲ್ಲಿಂದ ಸರಿದ್ರೆ ಪ್ಲೇ ಜಾಸ್ತಿ. ಡ್ರ್ಯಾಗ್ ಲಿಂಕಿನ ಉದ್ದ ಅಡ್ಜಸ್ಟ್ ಮಾಡಿ ಬಾಕ್ಸನ್ನೇ ನಡುವಿಗೆ ತರ್ಬೇಕು.

ಐದು, ಕ್ಯಾಸ್ಟರ್. ಮೇಲಿನದ್ದೆಲ್ಲಾ ಮಾಡಿದ್ಮೇಲೂ ನನ್ನ ಸ್ಟೀರಿಂಗ್ ತಿರುವಿನಿಂದ ತಾನಾಗೇ ವಾಪಸ್ ಬರ್ತಿರ್ಲಿಲ್ಲ. ಹಾಸನದಲ್ಲಿ ಅಲೈನ್‌ಮೆಂಟ್ ಮೆಷಿನ್ ಮೇಲೆ ನಿಲ್ಲಿಸಿ ಪ್ರಿಂಟ್ ತೆಗೆಸಿದ್ವಿ. ಕ್ಯಾಸ್ಟರ್ ಒಂದು ಡಿಗ್ರಿಗಿಂತ ಕಡಿಮೆ. ಆ ಒಂದು ಚೀಟಿಯನ್ನ ಮೊದಲೇ ತೆಗೆಸಿದ್ರೆ ಡ್ಯಾಂಪರ್ ದುಡ್ಡು ಉಳೀತಿತ್ತು.

ಪರಿಹಾರ ಏನು? ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಇಡೋ ಒಂದು ಓರೆ ಬಿಲ್ಲೆ. ಬಾಗಿಲಿಗೆ ಕೊಡೋ ಬೆಣೆ ಥರ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಜಿಪ್ಸಿಯಲ್ಲಿ ಸ್ಪ್ರಿಂಗ್ ಆಕ್ಸಲ್ಲಿನ ಕೆಳಗಿರೋದರಿಂದ ದಪ್ಪ ಕಡೆ ಮುಂದಕ್ಕೆ ಬರ್ಬೇಕು. ಆಗ ಆಕ್ಸಲ್ ಮತ್ತೆ ಹಿಂದಕ್ಕೆ ವಾಲುತ್ತೆ. ಸ್ಪ್ರಿಂಗ್ ಆಕ್ಸಲ್ ಮೇಲಿರೋ ಗಾಡಿಗೆ ಇದು ಉಲ್ಟಾ, ಜೋಪಾನ. ಎರಡೂ ಕಡೆ 3 ಡಿಗ್ರಿಯ ಸ್ಟೀಲ್ ಬಿಲ್ಲೆ ಹಾಕಿದ್ವಿ. ಸೆಂಟರ್ ಬೋಲ್ಟ್ ಅದರ ತೂತಿನಲ್ಲಿ ಸರಿಯಾಗಿ ಕೂರ್ಬೇಕು, ಇಲ್ಲಾಂದ್ರೆ ಆಕ್ಸಲ್ಲೇ ಸರಿಯುತ್ತೆ. ಯು ಬೋಲ್ಟ್ ಹೊಸದು ಹಾಕಿ. ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ಟೈಟ್ ಮಾಡಿಸಿ. ಬಿಲ್ಲೆ ಹಾಕಿದ್ಮೇಲೆ ಟೋ ಮತ್ತೆ ನೋಡಿಸ್ಬೇಕು.

ಹೆಚ್ಚು ಕ್ಯಾಸ್ಟರ್ ಒಳ್ಳೇದು ಅಂತ 6 ಡಿಗ್ರಿ ಹಾಕ್ಬೇಡಿ. ಪವರ್ ಸ್ಟೀರಿಂಗ್ ಇಲ್ಲದ ಗಾಡೀಲಿ ತೋಳು ಬಿದ್ದು ಹೋಗುತ್ತೆ. ಜೊತೆಗೆ ಮುಂದಿನ ಡಿಫರೆನ್ಷಿಯಲ್ಲಿನ ಮೂತಿ ಕೆಳಗಾಗಿ, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಹೆಚ್ಚು ಓರೆಯಲ್ಲಿ ತಿರುಗಿ ಅದುರುತ್ತೆ. ಹೋದಷ್ಟನ್ನ ಮಾತ್ರ ವಾಪಸ್ ಕೊಡಿ.

ಕಾನೂನಿನ ಮಾತೂ ಹೇಳ್ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಶನ್ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಭಾಯ್ ಕೂಡ ಅಂದಿದ್ರು, "ಹಳೇ ಶ್ಯಾಕಲ್ ಹಾಕಿಬಿಡಿ ಸಾರ್, ಇದೆಲ್ಲಾ ತಲೆನೋವೇ ಇರಲ್ಲ." ಅವರು ಹೇಳಿದ್ದೂ ನಿಜ. ಹಳೇ ಶ್ಯಾಕಲ್ ಎಸೆದಿಲ್ಲ, ಅಟ್ಟದ ಮೇಲಿದೆ. ಮಳೆಗಾಲ ಮುಗಿದ್ಮೇಲೆ ಅದನ್ನೇ ಹಾಕಿಸೋಣ ಅಂತಿದೀನಿ. ಆಗ ಈ ಬಿಲ್ಲೆಗಳೂ ಹೊರಗೆ ಬರ್ಬೇಕು, ಮರೀಬೇಡಿ.

ಸರಿ ಮಾಡಿಸಿದ ದಿನ ಒಬ್ಬನೇ ಆಲೂರು ತನಕ ಹೋಗಿ ಬಂದೆ. ಖಾಲಿ ರಸ್ತೆ, ಅರವತ್ತು, ಎಪ್ಪತ್ತು. ತಿರುವು ಮುಗಿದ ಕೂಡ್ಲೇ ಸ್ಟೀರಿಂಗ್ ಅಂಗೈಯಲ್ಲಿ ಮೆತ್ತಗೆ ಜಾರಿ ನೇರ ಆಯ್ತು. ಗಾಡಿ ಬದಿಗೆ ಹಾಕಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಹದಿನೈದು ದಿನ ಆದ್ಮೇಲೆ ಅಪ್ಪ ತಾವೇ ಮುಂದಿನ ಸೀಟಲ್ಲಿ ಬಂದು ಕೂತ್ರು. ಸಕಲೇಶಪುರದಿಂದ ಹಾಸನದ ತನಕ ಒಂದು ಮಾತಿಲ್ಲ, ಕಣ್ಣೆಲ್ಲಾ ನನ್ನ ಕೈ ಮೇಲೆ. ಹಾಸನದಲ್ಲಿ ಟೀ ಕುಡಿದು ಫೋನ್ ತೆಗೆದು ಹೇಳಿದ್ರು, "ಲೇ ಇವಳೇ, ಬರೋ ವಾರ ನಾವು ಬೆಂಗಳೂರಿಗೆ ಇವನ ಜೊತೆನೇ ಹೋಗೋಣ. ಬಸ್ ಬುಕ್ ಮಾಡ್ಬೇಡ."

ನಿಮ್ಮ ಗಾಡಿನೂ ಹೀಗೆ ಹಾರ್ತಿದ್ರೆ, ಮೊದಲು ಗಾಳಿ ನೋಡಿ, ಆಮೇಲೆ ಕೆಳಗೆ ಬಗ್ಗಿ, ಆಮೇಲೆ ಪ್ರಿಂಟ್ ತೆಗೆಸಿ. ಅಲ್ಲಿ ತನಕ ಮನೆಯವರನ್ನ ಕೂರಿಸ್ಬೇಡಿ. ಮುಂದಿನ ವಾರ ಸಿಗೋಣ. ನಮಸ್ಕಾರ.