ಕೋಲಾರ ಸೀಮೆಯಲ್ಲಿ ಒಂದು ಚಿತ್ರಶಾಲೆಯ ವರ್ಷ



ಚಿತ್ರಶಾಲೆಯೆಂಬುದು ರಾಜಧಾನಿಗೆ ಸೇರಿದ ವಸ್ತುವೆಂಬ ಭಾವನೆ ನಮ್ಮಲ್ಲಿ ಬಲವಾಗಿ ನೆಲೆಯೂರಿದೆ. ಮೈಸೂರಿಗೆ ಜಗನ್ಮೋಹನ ಅರಮನೆಯುಂಟು. ಬೆಂಗಳೂರಿಗೆ ವೆಂಕಟಪ್ಪ ಚಿತ್ರಶಾಲೆಯುಂಟು, ಚಿತ್ರಕಲಾ ಪರಿಷತ್ತುಂಟು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದೊಡನೆ ನಗರವಾಸಿಗಳ ಮನಸ್ಸಿಗೆ ಬರುವುದು ಚಿನ್ನ, ಹಂಚು, ಹಾಲು, ಮಾವಿನಹಣ್ಣು, ಚಿತ್ರಶಾಲೆಯಲ್ಲ. ಈ ನಾಲ್ಕು ತಾಲ್ಲೂಕುಗಳ ಜನರು ತಮಗಾಗಿ ಒಂದು ಚಿತ್ರಶಾಲೆಯನ್ನು ನಡೆಸುವುದಾದರೆ ಅದರಲ್ಲಿ ವರ್ಷವಿಡೀ ತೋರಿಸುವಷ್ಟು ಸಾಮಗ್ರಿ ದೊರೆಯುವುದೇ, ದೊರೆತರೆ ಅದನ್ನು ತೋರಿಸುವ ಕ್ರಮವೇನು, ಎಂಬ ಎರಡು ಪ್ರಶ್ನೆಗಳನ್ನು ಈ ಹೊತ್ತು ನಾವು ವಿಚಾರಮಾಡೋಣ.

ಮೊದಲೇ ಒಂದು ಆಕ್ಷೇಪವನ್ನು ಕೇಳಬೇಕಾಗುವುದು. ನಮ್ಮ ಸೀಮೆಯ ಪ್ರತಿಯೊಂದು ಊರಿನಲ್ಲಿಯೂ ಗುಡಿಯಿದೆ; ಗುಡಿಯಲ್ಲಿ ವಿಗ್ರಹವಿದೆ, ಕೆತ್ತಿದ ಕಂಬವಿದೆ, ಹಬ್ಬದ ದಿನ ಬಾಗಿಲಲ್ಲಿ ರಂಗವಲ್ಲಿಯಿದೆ; ಇನ್ನು ಬೇರೊಂದು ಚಿತ್ರಶಾಲೆ ಏತಕ್ಕೆ ಎಂದು ಕೇಳುವವರುಂಟು. ಇದು ತಳ್ಳಿಹಾಕತಕ್ಕ ಮಾತಲ್ಲ. ಆದರೆ ಗುಡಿಗೆ ಹೋಗುವವನು ದರ್ಶನಕ್ಕಾಗಿ ಹೋಗುತ್ತಾನೆ. ಈ ವಿಗ್ರಹದ ಭುಜವು ಆ ವಿಗ್ರಹದ ಭುಜಕ್ಕಿಂತ ಏಕೆ ಚೆಲುವಾಗಿದೆ ಎಂದು ಅಲ್ಲಿ ನಿಂತು ಹೋಲಿಸುವುದು ಸಾಧ್ಯವೂ ಅಲ್ಲ, ಎಲ್ಲರಿಗೂ ಸಮ್ಮತವೂ ಅಲ್ಲ. ಹೋಲಿಸಿ ನೋಡುವುದು, ಮಾಡಿದವನಾರೆಂದು ವಿಚಾರಿಸುವುದು, ಮೆಚ್ಚಿದರೆ ಮೆಚ್ಚಿದೆನೆಂದೂ ಮೆಚ್ಚದಿದ್ದರೆ ಮೆಚ್ಚಲಿಲ್ಲವೆಂದೂ ಸಂಕೋಚವಿಲ್ಲದೆ ಹೇಳುವುದು, ಈ ಮೂರು ಕೆಲಸಗಳಿಗೆ ಬೇರೊಂದು ಸ್ಥಳ ಬೇಕು. ಆ ಸ್ಥಳವೇ ಚಿತ್ರಶಾಲೆ.

ಇಂತಹ ಸ್ಥಳವು ಸಿರಿವಂತರಿಗೆ ಮಾತ್ರ ಬೇಕೆಂಬುದೂ ಸರಿಯಲ್ಲ. ಲಂಡನ್ ನಗರದ ಪೂರ್ವಭಾಗವು ಹಿಂದೆ ಬಡಕೂಲಿಗಾರರ ಬೀಡಾಗಿತ್ತು. ಅಲ್ಲಿ ಬಾರ್ನೆಟ್ ಎಂಬ ಪಾದ್ರಿಯೂ ಅವರ ಪತ್ನಿಯೂ 1881ರಲ್ಲಿ ತಮ್ಮ ಚರ್ಚಿನ ಶಾಲೆಯ ಕೊಠಡಿಗಳಲ್ಲಿಯೇ ಎರವಲು ತಂದ ಚಿತ್ರಗಳನ್ನು ತೂಗುಹಾಕಿ ಜನರನ್ನು ಕರೆದರು. ಕೂಲಿಯವರಿಗೆ ಹಗಲಿನಲ್ಲಿ ಬಿಡುವಿಲ್ಲವೆಂದು ರಾತ್ರಿಯೂ ಬಾಗಿಲು ತೆರೆದಿಟ್ಟರು. ಭಾನುವಾರ ತೆರೆಯಬಾರದೆಂದು ಮತಾಭಿಮಾನಿಗಳು ಅಡ್ಡಿಮಾಡಿದಾಗಲೂ ತೆರೆದರು. ವರ್ಷವರ್ಷವೂ ನಡೆದ ಆ ಪ್ರದರ್ಶನಗಳ ಫಲವಾಗಿ 1901ರಲ್ಲಿ ವೈಟ್‌ಚಾಪೆಲ್ ಚಿತ್ರಶಾಲೆ ಹುಟ್ಟಿತು. ಸ್ಪೇನ್ ದೇಶದ ಊರೊಂದರ ಮೇಲೆ ವಿಮಾನಗಳು ಬಾಂಬು ಸುರಿದುದನ್ನು ಕುರಿತು ಪಿಕಾಸೊ ಬರೆದ ಗೆರ್ನಿಕಾ ಎಂಬ ಮಹಾಚಿತ್ರವು 1939ರಲ್ಲಿ ಆ ಕೂಲಿಗಾರರ ಕೇರಿಗೇ ಬಂದಿತು. ಕಟ್ಟಡವು ಮೊದಲು, ಪ್ರದರ್ಶನವು ಆಮೇಲೆ ಎಂಬುದು ನಮ್ಮ ಸಾಮಾನ್ಯ ಕ್ರಮ. ಅಲ್ಲಿ ಪ್ರದರ್ಶನಗಳು ಇಪ್ಪತ್ತು ವರ್ಷ ನಡೆದು ಕಟ್ಟಡವನ್ನು ಬೇಡಿ ಪಡೆದುವು.

ನಮ್ಮ ನಾಡಿನ ನಿದರ್ಶನವನ್ನೂ ನೋಡೋಣ. ಮೈಸೂರಿನ ಆಸ್ಥಾನಚಿತ್ರಕಾರರ ವಂಶದಲ್ಲಿ 1886ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, 1965ರಲ್ಲಿ ತೀರಿಕೊಂಡ ಕೆ. ವೆಂಕಟಪ್ಪನವರ ಹೆಸರಿನಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯ ಚಿತ್ರಶಾಲೆ ನಿಂತಿದೆ. ಅದು ವೆಂಕಟಪ್ಪನವರ ಕೃತಿಗಳನ್ನು ಕಾಪಾಡಿದುದಲ್ಲದೆ, ತನ್ನ ಮೊಗಸಾಲೆಗಳನ್ನು ಕಡಮೆ ಬಾಡಿಗೆಗೆ ಕೊಟ್ಟು ಹೆಸರಿಲ್ಲದ ಎಷ್ಟೋ ಮಂದಿ ತರುಣರಿಗೆ ಮೊದಲ ಪ್ರದರ್ಶನದ ಅವಕಾಶವನ್ನು ಒದಗಿಸಿತು. ಇದರ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನವೊಂದರ ಕೈಗೆ ಒಪ್ಪಿಸುವ ಏರ್ಪಾಡು ನಡೆದಾಗ, 2016ರಲ್ಲಿ ಕಲಾವಿದರು ಒಟ್ಟುಗೂಡಿ ಪ್ರತಿಭಟಿಸಿದರು. ಆ ಏರ್ಪಾಡು ಮುಂದೆ ಸಾಗಲಿಲ್ಲ. ಅವರು ಹೋರಾಡಿದುದು ಕಟ್ಟಡದ ಅಂದಕ್ಕಾಗಿ ಅಲ್ಲ. ಹಣವಿಲ್ಲದವನೂ ತನ್ನ ಚಿತ್ರವನ್ನು ತೂಗುಹಾಕಬಹುದಾದ ಒಂದು ಗೋಡೆಗಾಗಿ. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರು ದೂರದಲ್ಲಿರುವ ಕೋಲಾರದ ಯುವಕನಿಗೆ ಆ ಗೋಡೆ ತನ್ನ ಊರಿನಲ್ಲಿಯೇ ಏಕೆ ಇರಬಾರದು?

ಇನ್ನು ಸಾಮಗ್ರಿಯ ವಿಚಾರ. ವರ್ಷಕ್ಕೆ ನಾಲ್ಕು ಪ್ರದರ್ಶನಗಳೆಂದೂ, ತಾಲ್ಲೂಕಿಗೆ ಒಂದೊಂದೆಂದೂ ಇಟ್ಟುಕೊಳ್ಳೋಣ. ಯುಗಾದಿಯಿಂದ ಆರಂಭಿಸುವುದು ನಮ್ಮ ಸಂಪ್ರದಾಯ.

ಯುಗಾದಿಯ ಪ್ರದರ್ಶನವು ಮಾಲೂರಿಗೆ ಸಲ್ಲಲಿ. ಈ ತಾಲ್ಲೂಕಿಗೆ ಹಂಚು ಇಟ್ಟಿಗೆಗಳ ಕೈಗಾರಿಕೆಯ ಹೆಸರಿದೆ, ಮಾಸ್ತಿಯವರ ಹೆಸರಿದೆ. ಅಷ್ಟೇ ದೊಡ್ಡದಾಗಿ ಶಿವಾರಪಟ್ಟಣದ ಶಿಲ್ಪಿಗಳ ಹೆಸರೂ ಇದೆ. ಆ ಊರಿನಲ್ಲಿ ಮನೆಮನೆಯ ಮುಂದೆಯೂ ಉಳಿಯ ಸದ್ದು. ಶಿಲ್ಪಿಯು ಕಲ್ಲಿನ ಮೇಲೆ ಮೊದಲು ಗೆರೆಯೆಳೆಯುವುದು ಅಂದಾಜಿನಿಂದಲ್ಲ, ತಾಳಮಾನವೆಂಬ ಲೆಕ್ಕದಿಂದ. ಮುಖದ ಉದ್ದವೇ ಒಂದು ತಾಳ. ಒಂದು ತಾಳಕ್ಕೆ 12 ಅಂಗುಲ. ನವತಾಳದ ಮೂರ್ತಿಗೆ 108 ಅಂಗುಲ, ದಶತಾಳದ ಮೂರ್ತಿಗೆ 120. ಅಂಗುಲವೆಂದರೆ ಇಲ್ಲಿ ನಮ್ಮ ಅಳತೆಪಟ್ಟಿಯ ಅಂಗುಲವಲ್ಲ. ಮೂರ್ತಿಯ ಮುಖದ ಹನ್ನೆರಡನೆಯ ಒಂದು ಪಾಲು. ಆದುದರಿಂದ ಮೂರ್ತಿ ಗೇಣುದ್ದವಿರಲಿ, ಆಳುದ್ದವಿರಲಿ, ಅವಯವಗಳ ಹೊಂದಿಕೆ ಕೆಡುವುದಿಲ್ಲ. ಕಣ್ಣನ್ನು ತೆರೆಯುವುದು ಎಲ್ಲಕ್ಕೂ ಕೊನೆಯಲ್ಲಿ.

ಈ ಶಿಲ್ಪಿಗಳ ಸ್ಥಿತಿಯಲ್ಲಿ ಒಂದು ವಿಚಿತ್ರವುಂಟು. ವಿಗ್ರಹವು ಕೆಲಸದ ಜಗಲಿಯಲ್ಲಿರುವವರೆಗೆ ಅದು ಶಿಲ್ಪಿಯದು. ಗರ್ಭಗುಡಿಯನ್ನು ಸೇರಿ ಪ್ರತಿಷ್ಠೆಯಾದ ಮೇಲೆ ಅದನ್ನು ಮಾಡಿದ ಕೈಗೆ ಅದನ್ನು ಮುಟ್ಟುವ ಅಧಿಕಾರ ಸಾಮಾನ್ಯವಾಗಿ ಉಳಿಯದು. ಅವನ ಹೆಸರನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಒಬ್ಬನ ಜೀವಮಾನದ ಕೆಲಸವೆಲ್ಲ ನೂರಾರು ಊರುಗಳಿಗೆ ಹಂಚಿಹೋಗಿ, ಅವನ ಮಕ್ಕಳು ಅದನ್ನು ಒಂದೆಡೆಯಲ್ಲಿ ಎಂದೂ ಕಾಣದೆ ಇರಬಹುದು. ಚಿತ್ರಶಾಲೆಯಲ್ಲಿ ಇದಕ್ಕೆ ಪರಿಹಾರವುಂಟು. ಊರು ಬಿಡುವುದಕ್ಕೆ ಮುನ್ನ ಆ ವರ್ಷದ ಉತ್ತಮ ಕೃತಿಗಳು ಹದಿನೈದು ದಿನ ಅಲ್ಲಿ ನಿಂತು ಹೋಗಲಿ. ಪಕ್ಕದಲ್ಲಿ ಒಂದೇ ಮೂರ್ತಿಯ ಐದಾರು ಹಂತಗಳನ್ನು, ಗೆರೆಯೆಳೆದ ಕಲ್ಲು, ಒರಟು ಕಡಿದ ಕಲ್ಲು, ಅಂಗ ಮೂಡಿದ ಕಲ್ಲು, ನಯಗೊಂಡ ಕಲ್ಲು ಎಂದು ಸಾಲಾಗಿ ಇಡಲಿ. ಪ್ರತಿಯೊಂದರ ಮುಂದೆಯೂ ಮಾಡಿದವರ ಹೆಸರಿರಲಿ. ಹತ್ತಿರದಲ್ಲಿಯೇ ಕುಂಬಾರನ ಮಡಕೆಯೂ ಕಾರ್ಖಾನೆಯ ಹಂಚೂ ಇದ್ದರೆ ಮಾಲೂರಿನ ಕಲ್ಲಿಗೂ ಮಣ್ಣಿಗೂ ಸಮಾನವಾದ ಮರ್ಯಾದೆ ಸಂದಂತಾಗುವುದು.

ಎರಡನೆಯದು ಶ್ರೀನಿವಾಸಪುರದ್ದು. ಪಾಪನಪಲ್ಲಿಯೆಂದಿದ್ದ ಈ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನಿಟ್ಟರೆಂದು ಹೇಳುವರು. ಈಗ ಊರಿನ ಹೆಸರನ್ನು ಎಲ್ಲೆಡೆಗೂ ಒಯ್ಯುತ್ತಿರುವುದು ಮಾವು. ಮೇ ತಿಂಗಳಿನಿಂದ ಜುಲೈವರೆಗೆ ಇಲ್ಲಿನ ಮಂಡಿಯಲ್ಲಿ ಗಾಡಿಗಳ ಸಂದಣಿ. ಇಂತಹ ಸುಗ್ಗಿಯಲ್ಲಿ ಚಿತ್ರ ನೋಡುವುದಕ್ಕೆ ಯಾರಿಗೆ ಬಿಡುವು ಎನ್ನುವಿರಾ? ಜನರು ಚಿತ್ರಶಾಲೆಗೆ ಬಾರದಿದ್ದರೆ ಚಿತ್ರಶಾಲೆಯು ಮಂಡಿಗೆ ಹೋಗತಕ್ಕದ್ದು. ಬಾದಾಮಿ, ರಸಪುರಿ, ಮಲಗೋವ, ತೋತಾಪುರಿ, ಸೇಂದೂರ, ನೀಲಂ, ಮಲ್ಲಿಕಾ, ಇವುಗಳ ಬಣ್ಣ ಒಂದರಂತೆ ಒಂದಿಲ್ಲ; ಒಂದೇ ಹಣ್ಣಿನ ತೊಟ್ಟಿನ ಬಳಿಯ ಕೆಂಪು ತುದಿಯ ಹಳದಿಯಲ್ಲಿ ಕರಗುವುದನ್ನು ಬರೆಯಲು ನುರಿತ ಚಿತ್ರಕಾರನೂ ಬೆವರಬೇಕು. ಶಾಲೆಯ ಮಕ್ಕಳು ಈ ಜಾತಿಗಳನ್ನು ನೋಡಿ ಬರೆದ ಚಿತ್ರಗಳು, ಸೀರೆಯಂಚಿನ ಮಾವಿನಕಾಯಿಯ ಮಾದರಿಗಳು, ಬಾಗಿಲಿನ ತೋರಣದ ಕೆತ್ತನೆಗಳು ಒಂದು ಚಪ್ಪರದಡಿ ಸೇರಿದರೆ, ಬೆಳೆಗಾರನು ತಾನು ಬುಟ್ಟಿಗಟ್ಟಲೆ ಎಣಿಸುವ ವಸ್ತುವನ್ನು ಮೊದಲ ಬಾರಿಗೆ ಕಣ್ಣಿಟ್ಟು ನೋಡಿಯಾನು. ಮಕ್ಕಳು ತಪ್ಪು ಬರೆದಿದ್ದರೆ ತಿದ್ದುವವನೂ ಅವನೇ.

ಮೂರನೆಯದು ಶ್ರಾವಣದಿಂದ ನವರಾತ್ರಿಯವರೆಗೆ ಮುಳಬಾಗಿಲಿನದು. ಮೂಡಲ ಬಾಗಿಲೇ ಮುಳಬಾಗಿಲಾಯಿತೆಂದು ಹೇಳುವರು. ಡಿ.ವಿ.ಜಿ.ಯವರು 1887ರಲ್ಲಿ ಹುಟ್ಟಿದ ಊರಿದು. ಕುರುಡುಮಲೆಯ ಸುಮಾರು 13 ಅಡಿಯ ಏಕಶಿಲೆಯ ಗಣಪತಿಯೂ, ಅಲ್ಲಿಯ ಸೋಮೇಶ್ವರ ದೇವಾಲಯವೂ, ಆವನಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇಗುಲಗಳ ಗುಂಪೂ ಇದೇ ತಾಲ್ಲೂಕಿನಲ್ಲಿವೆ. ಇವನ್ನು ಚಿತ್ರಶಾಲೆಗೆ ತರುವುದು ಸಾಧ್ಯವಿಲ್ಲ, ತರಲೂ ಬಾರದು. ಕಲ್ಲು ತನ್ನ ಸ್ಥಳದಲ್ಲಿರಬೇಕು. ಅದರ ಪಡಿಯಚ್ಚು ಚಿತ್ರಶಾಲೆಗೆ ಬರಬೇಕು.

ಪಡಿಯಚ್ಚು ತೆಗೆಯುವ ವಿಧಾನವು ಸರಳವಾದುದು. ಶಾಸನದ ಕಲ್ಲನ್ನು ತೊಳೆದು, ಒದ್ದೆಮಾಡಿದ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ತಟ್ಟಿದರೆ ಕಾಗದವು ಅಕ್ಷರಗಳ ತಗ್ಗಿಗೆ ಇಳಿಯುವುದು. ಆಮೇಲೆ ಮಸಿಯ ಉಂಡೆಯನ್ನು ಮೆಲ್ಲಗೆ ಒತ್ತುತ್ತ ಹೋದರೆ ಮೇಲ್ಮೈಯೆಲ್ಲ ಕಪ್ಪಾಗಿ ಅಕ್ಷರವು ಬೆಳ್ಳಗೆ ಉಳಿಯುವುದು. ರೈಸ್ ಸಾಹೇಬರು ನಮ್ಮ ಜಿಲ್ಲೆಯ ಶಾಸನಗಳಿಗಾಗಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವನ್ನೇ ಮೀಸಲಿಟ್ಟರು. ಆ ಸಂಪುಟವು ವಿದ್ವಾಂಸರ ಕಪಾಟಿನಲ್ಲಿದೆ. ಶಾಸನವು ಹೊಲದ ಬದುವಿನಲ್ಲಿದೆ. ಇವೆರಡಕ್ಕೂ ನಡುವೆ ಇರುವ ಊರಿನವರಿಗೆ ತಮ್ಮ ವೀರಗಲ್ಲು ಯಾರದು, ಅವನು ಏತಕ್ಕಾಗಿ ಮಡಿದನು ಎಂಬುದು ತಿಳಿಯದು. ತಿಳಿಯದ ಕಲ್ಲು ಬಟ್ಟೆ ಒಗೆಯುವುದಕ್ಕೂ ಪಾಯಕ್ಕೂ ಒದಗುವುದರಲ್ಲಿ ಆಶ್ಚರ್ಯವೇನು? ಪಡಿಯಚ್ಚನ್ನೂ ಅದರ ಪಾಠವನ್ನೂ ಹೊಸಗನ್ನಡದ ಅರ್ಥವನ್ನೂ ಜೊತೆಯಲ್ಲಿ ತೂಗುಹಾಕಿ, ಯಾವ ಊರಿನ ಯಾವ ಕಲ್ಲೆಂದು ಬರೆದರೆ, ಆ ಊರಿನವರೇ ಅದಕ್ಕೆ ಕಾವಲುಗಾರರಾಗುವರು.

ನಾಲ್ಕನೆಯದು ಕಾರ್ತಿಕದಿಂದ ಶಿವರಾತ್ರಿಯವರೆಗೆ ಕೋಲಾರದಲ್ಲಿ. ಗಂಗರು ಕುವಲಾಲಪುರದ ಒಡೆಯರೆಂದು ಹೇಳಿಕೊಂಡ ಊರು. ಕೋಲಾರಮ್ಮನ ಗುಡಿಯಲ್ಲಿ ಚೋಳರ ತಮಿಳು ಶಾಸನಗಳುಂಟು. ಸೋಮೇಶ್ವರ ದೇವಾಲಯದಲ್ಲಿ ವಿಜಯನಗರದ ಕಾಲದ ಕಲ್ಯಾಣಮಂಟಪವುಂಟು. ಹಳೆಯದು ಇಷ್ಟು ಸಮೃದ್ಧವಾಗಿರುವ ಕಡೆ ಹೊಸದಕ್ಕೆ ಜಾಗ ಸಿಕ್ಕುವುದು ಕಷ್ಟ. ಆದುದರಿಂದಲೇ ಕೋಲಾರದ ಪ್ರದರ್ಶನವನ್ನು ಈಗಿನವರಿಗೆ ಬಿಡಬೇಕು: ಚಿತ್ರಕಲೆಯನ್ನು ಕಲಿತು ಬಂದ ತರುಣ ತರುಣಿಯರಿಗೆ, ಶಾಲೆಗಳ ಡ್ರಾಯಿಂಗ್ ಮಾಸ್ತರರಿಗೆ, 2001ರಲ್ಲಿ ಮುಚ್ಚಿಹೋದ ಚಿನ್ನದ ಗಣಿಗಳ ಬದುಕನ್ನು ಛಾಯಾಚಿತ್ರಗಳಲ್ಲಿ ಉಳಿಸಿಕೊಂಡ ಮನೆಗಳಿಗೆ. ಒಂದೆರಡು ರಾತ್ರಿ ತೊಗಲುಗೊಂಬೆಗಳೂ ಬರಲಿ. ಎಂ.ಎಸ್. ನಂಜುಂಡರಾಯರು ನಾಡೆಲ್ಲ ಸುತ್ತಿ ಕೂಡಿಸಿದ ತೊಗಲುಗೊಂಬೆಗಳು ಚಿತ್ರಕಲಾ ಪರಿಷತ್ತಿನಲ್ಲಿವೆ. ಗಾಜಿನ ಹಿಂದೆ ಗೊಂಬೆಯು ಒಂದು ತೊಗಲು ಮಾತ್ರ. ಹಿಂದಿನಿಂದ ದೀಪದ ಬೆಳಕು ಬಿದ್ದಾಗ ಅದರ ಕೆಂಪು ಹಸುರುಗಳಿಗೆ ಜೀವ ಬರುವುದು. ಅದನ್ನು ತೋರಿಸತಕ್ಕದ್ದು ಕತ್ತಲೆಯಲ್ಲಿ, ಪರದೆಯ ಮೇಲೆ.

ಇಷ್ಟು ಸಾಮಗ್ರಿಯಿದ್ದರೂ ನಡೆಸುವ ಕ್ರಮ ಕೆಟ್ಟರೆ ಮೊದಲ ವರ್ಷವೇ ಕೊನೆಯ ವರ್ಷವಾಗುವುದು. ಅದಕ್ಕಾಗಿ ಕೆಲವು ನಿಯಮಗಳನ್ನು ಸೂಚಿಸುತ್ತೇವೆ. ಮೊದಲನೆಯದು, ದಿನವು ನಿಯತವಾಗಿರಬೇಕು. ಕೋಲಾರದ ಬಳಿ ತೇರಹಳ್ಳಿಯ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರೂ ಅವರ ಗೆಳೆಯರೂ ಕಟ್ಟಿದ ಆದಿಮವೆಂಬ ಸಂಸ್ಥೆಯು ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು ನಾಟಕಗಳನ್ನು ನಡೆಸುವ ಪದ್ಧತಿಯನ್ನು ಬೆಳೆಸಿತು. ಹುಣ್ಣಿಮೆ ಎಂದು ಬರುವುದೆಂಬುದನ್ನು ಯಾರಿಗೂ ಕರಪತ್ರ ಹಂಚಿ ತಿಳಿಸಬೇಕಾದುದಿಲ್ಲ. ಚಿತ್ರಶಾಲೆಯ ಬಾಗಿಲು ತೆರೆಯುವ ದಿನವೂ ಹಾಗೆಯೇ ಜನರ ಬಾಯಲ್ಲಿ ನಿಲ್ಲಬೇಕು. ಎರಡನೆಯದು, ಸಂಜೆಯೂ ಭಾನುವಾರವೂ ಸಂತೆಯ ದಿನವೂ ಬಾಗಿಲು ತೆರೆದಿರಬೇಕು. ದುಡಿಯುವವರಿಗೆ ಬಿಡುವು ಆಗಲೇ. ಮೂರನೆಯದು, ವಿವರಣೆಯು ತಿಳಿಗನ್ನಡದಲ್ಲಿರಬೇಕು. ಗಡಿಯ ಊರುಗಳಲ್ಲಿ ಮನೆಮಾತು ತೆಲುಗಾಗಿರುವವರು ಬಹಳ ಮಂದಿ ಇರುವುದರಿಂದ ತೆಲುಗಿನಲ್ಲಿ ಬಾಯಿಮಾತಿನಿಂದ ತಿಳಿಸುವವರೂ ಒಬ್ಬರಿರಬೇಕು. ನಾಲ್ಕನೆಯದು, ಪೂಜೆಯಲ್ಲಿರುವ ಯಾವ ವಸ್ತುವನ್ನೂ ಅದರ ಸ್ಥಳದಿಂದ ಕದಲಿಸಬಾರದು. ಐದನೆಯದು, ಉದ್ಘಾಟನೆಯ ಭಾಷಣಗಳಿಗೆ ಅರ್ಧ ಗಂಟೆಗಿಂತ ಹೆಚ್ಚು ಕಾಲವನ್ನು ಕೊಡಬಾರದು. ಅಧ್ಯಾಪಕ ವೃತ್ತಿಯವರಾದ ನಾವೇ ಈ ಮಾತನ್ನು ಹೇಳುತ್ತಿರುವುದರಿಂದ ಇದಕ್ಕೆ ಸ್ವಲ್ಪ ತೂಕವಿರಬಹುದು.

ವೆಚ್ಚದ ಮಾತು ಉಳಿಯಿತು. ಒಂದು ಹಳೆಯ ಛತ್ರ, ರಜೆಯಲ್ಲಿರುವ ಶಾಲೆಯ ಎರಡು ಕೊಠಡಿಗಳು, ಸುಣ್ಣ ಬಳಿದ ಗೋಡೆ, ಒಳ್ಳೆಯ ದೀಪಗಳು, ಬೀಗದ ಕೈ ಹಿಡಿದು ಹೊತ್ತಿಗೆ ಸರಿಯಾಗಿ ಬರುವ ಒಬ್ಬ ಮನುಷ್ಯ, ಇವಿಷ್ಟು ಮೊದಲ ವರ್ಷಕ್ಕೆ ಸಾಕು. ಇವುಗಳಲ್ಲಿ ಹಣ ಕೊಟ್ಟರೂ ದೊರೆಯುವುದು ಕಷ್ಟವಾದುದು ಕೊನೆಯದು. ಆ ಮನುಷ್ಯನಿಗೆ ಸಂಬಳ ತಪ್ಪದಂತೆ ನೋಡಿಕೊಳ್ಳುವ ಹೊಣೆಯನ್ನು ಪುರಸಭೆಯೂ ಊರಿನ ವರ್ತಕರೂ ಕೂಡಿ ಹೊರಬೇಕು.

ನಗರದಲ್ಲಿ ಕುಳಿತು ಕೇಳುತ್ತಿರುವ ನಿಮ್ಮಲ್ಲಿ ಅನೇಕರ ಹಿರಿಯರು ಈ ತಾಲ್ಲೂಕುಗಳಿಂದಲೇ ಬಂದವರು. ನಿಮ್ಮ ಮನೆಯ ಅಟ್ಟದಲ್ಲಿ ಗಣಿಯ ದಿನಗಳ ಒಂದು ಛಾಯಾಚಿತ್ರವಿರಬಹುದು, ಅಜ್ಜಿಯ ಕೈಯ ಒಂದು ಕಸೂತಿಯಿರಬಹುದು. ಅದನ್ನು ಎರವಲಾಗಿಯಾದರೂ ಊರಿಗೆ ಕಳುಹಿಸಿಕೊಡಿ. ಮುಂದಿನ ಬಾರಿ ಊರಹಬ್ಬಕ್ಕೆ ಹೋದಾಗ ಶಿವಾರಪಟ್ಟಣದ ದಾರಿಯಾಗಿ ಹೋಗಿ, ಜಗಲಿಯ ಮೇಲೆ ನಿಂತಿರುವ ಮೂರ್ತಿಯನ್ನು ನೋಡಿ, ಮಾಡಿದವರ ಹೆಸರನ್ನು ಕೇಳಿ ಬರೆದುಕೊಂಡು ಬನ್ನಿ. ಚಿತ್ರಶಾಲೆಯ ಮೊದಲ ಪಟ್ಟಿ ಅಲ್ಲಿಂದಲೇ ಆರಂಭವಾಗಬಹುದು.